ಏಡಿಯಣ್ಣನ ಪಬ್ಬೂ ನನ್ನ ಹುಳಿ ಮುಖವೂ

ನನ್ನ ಮುಖದ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದು ನನ್ನ ಮಾತು ಕೇಳುವುದಿಲ್ಲ. ಬಾಯಿ "ಆಹಾ, ಬಹಳ ಚೆನ್ನಾಗಿದೆ" ಎನ್ನುತ್ತಿರುವಾಗಲೇ ಹುಬ್ಬು, ಮೂಗು, ಕೆನ್ನೆಗಳು ಒಟ್ಟು ಸೇರಿ ಅದಕ್ಕೆ ತದ್ವಿರುದ್ಧವಾದ ಹೇಳಿಕೆ ಹೊರಡಿಸಿಬಿಟ್ಟಿರುತ್ತವೆ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಅಡುಗೆ ಉಂಡು "ಇನ್ನೊಂದು ಸೌಟು ಹಾಕು" ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಪಾತ್ರೆಯನ್ನೇ ಎತ್ತಿಕೊಂಡು ಹೋಗಿ ಮೋರಿಗೆ ಸುರಿದಳು. ಆಫೀಸಿನಲ್ಲಿ ಮೇಲಧಿಕಾರಿ ಸ್ವಂತ ಕವಿತೆ ಓದಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಮರುವಾರ ನನ್ನ ಮೇಜು ಶೌಚಾಲಯದ ಪಕ್ಕಕ್ಕೆ ವರ್ಗವಾಯಿತು. ಇವತ್ತಿಗೂ ಅಲ್ಲೇ ಇದೆ.

ಇಂಥ ಮುಖ ಹೊತ್ತವನು ತೀರ್ಪುಗಾರನಾಗಬಾರದು. ಆದರೆ ನಮ್ಮ ಊರಿನ ಪಾನಪ್ರಿಯರ ಸಂಘಕ್ಕೆ ಅಷ್ಟೆಲ್ಲ ವಿವೇಚನೆ ಇಲ್ಲ. ವಾರಪತ್ರಿಕೆಯ ನನ್ನ ಹಾಸ್ಯದ ಅಂಕಣವನ್ನು ಸಂಘದ ಕಾರ್ಯದರ್ಶಿ ಓದುತ್ತಾರಂತೆ. ಅದನ್ನು ಓದುವವರು ಇದ್ದಾರೆಂದು ನನಗೆ ಗೊತ್ತಾದದ್ದೇ ಅವರು ಮನೆಗೆ ಬಂದಾಗ. ಆ ಸಂತೋಷದಲ್ಲಿ ಒಪ್ಪಿಕೊಂಡುಬಿಟ್ಟೆ.

ಸಂಘದ ಕೆಲಸ ಇಷ್ಟೇ. ಊರಿನ ಪಬ್ಬುಗಳಿಗೆ ವರ್ಷಕ್ಕೊಮ್ಮೆ ಇಬ್ಬರು ತೀರ್ಪುಗಾರರು ಹೋಗಿ, ಒಳಾಂಗಣ ಹೇಗಿದೆ ಎಂದು ನೋಡಿ, ಪೀಪಾಯಿಯಿಂದ ಸುರಿಯುವ ಬಿಯರು, ಅಂದರೆ ಏಲ್, ಹೇಗಿದೆ ಎಂದು ಕುಡಿದು ತೀರ್ಪು ಕೊಡಬೇಕು. ಚೆನ್ನಾಗಿದ್ದರೆ ಕೌಂಟರಿನ ಹಿಂದಿನ ಗೋಡೆಯ ಮೇಲಿರುವ ಸಂಘದ ಹಿತ್ತಾಳೆ ಫಲಕ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ತೀರ್ಪುಗಾರರೇ ಅದನ್ನು ಬಿಚ್ಚಿಕೊಂಡು ಬರಬೇಕು. ಅದಕ್ಕಾಗಿ ಪ್ರತಿ ಜೋಡಿಗೂ ಒಂದು ಸ್ಕ್ರೂಡ್ರೈವರ್ ಕೊಡುತ್ತಾರೆ. ನ್ಯಾಯಾಧೀಶರಿಗೆ ಸುತ್ತಿಗೆ ಇದ್ದ ಹಾಗೆ.

ಈ ಸಲ ನನ್ನ ಪಾಲಿಗೆ ಬಂದದ್ದು ನನ್ನ ಷಡ್ಡಕನ ಪಬ್ಬು.

"ಅವನು ನನ್ನ ನಾದಿನಿಯ ಗಂಡ, ಬೇರೆಯವರನ್ನ ಕಳಿಸಿ" ಎಂದು ಕಾರ್ಯದರ್ಶಿಗಳಿಗೆ ಹೇಳಿದೆ.

"ಒಳ್ಳೇದೇ ಆಯ್ತಲ್ಲ! ನೆಂಟರಷ್ಟು ಚೆನ್ನಾಗಿ ತಪ್ಪು ಹುಡುಕೋರು ಯಾರಿದ್ದಾರೆ ಹೇಳಿ?" ಎಂದರು ಅವರು.

ಮನೆಯಲ್ಲಿ ವಿಷಯ ತಿಳಿದ ಕೂಡಲೇ ಹೆಂಡತಿ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು. ಪಬ್ಬಿನ ಕಟ್ಟಡದ ಯಜಮಾನಿ ಬಾಯಿಬಿಟ್ಟು ಹೇಳಿಬಿಟ್ಟಿದ್ದಳಂತೆ: ಫಲಕ ಹೋದರೆ ಬಾಡಿಗೆ ಕರಾರೂ ಹೋಯಿತು. ಒಬ್ಬ ಕನ್ನಡಕದ ಅಂಗಡಿಯವನು ಆಗಲೇ ಬಂದು ಗೋಡೆ ಅಳೆದುಕೊಂಡು ಹೋಗಿದ್ದ. ನಾದಿನಿಯ ಸಂಸಾರ ಇರುವುದು ಪಬ್ಬಿನ ಮೇಲಿನ ಮಹಡಿಯಲ್ಲೇ. ಕೆಳಗಿನದು ಹೋದರೆ ಮೇಲಿನದೂ ಇಲ್ಲ.

"ಅಲ್ಲಿ ಹೋಗಿ ನಿಮ್ಮ ಮುಖ ಮಾಡ್ಬೇಡಿ" ಎಂದಳು.

"ನನ್ನ ಮುಖ ನಾನೆಲ್ಲೇ ಮಾಡ್ತೀನಿ? ಅದೇ ಆಗತ್ತೆ."

"ಹಾಗಾದ್ರೆ ಆ ಕಡೆ ತಿರುಗಿ ಕುಡೀರಿ. ನನ್ನ ತಂಗಿ ಬೀದಿಗೆ ಬಂದ್ರೆ ನೀವೂ ಅಲ್ಲೇ ಇರ್ತೀರಿ, ಜೊತೆಗೆ."

ಷಡ್ಡಕನನ್ನು ಬೀದಿಯವರೆಲ್ಲ ಕರೆಯುವುದು ಏಡಿಯಣ್ಣ ಎಂದು. ಅವನು ನೇರವಾಗಿ ನಡೆದದ್ದನ್ನು ನಾನು ಕಂಡಿಲ್ಲ. ಹರೆಯದಲ್ಲಿ ಲಾರಿಯಿಂದ ಪೀಪಾಯಿ ಇಳಿಸುವ ಕೆಲಸದಲ್ಲಿದ್ದ. ನೆಲಮಾಳಿಗೆಯ ಕಿರಿದಾದ ಮೆಟ್ಟಿಲುಗಳನ್ನು ಪೀಪಾಯಿ ಅಪ್ಪಿಕೊಂಡು ಅಡ್ಡಡ್ಡವಾಗಿ ಇಳಿದಿಳಿದು ಮೈಗೆ ಅದೇ ಅಭ್ಯಾಸವಾಯಿತು. ಎದುರಿನ ಬೇಕರಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದ ನನ್ನ ನಾದಿನಿ ಆ ನಡಿಗೆ ನೋಡಿ ನಕ್ಕಳು. ಇವನು ನಗುವಿಗೆ ಕಾರಣ ತಿಳಿಯದೆ ತಾನೂ ನಕ್ಕ. ಅಲ್ಲಿಗೆ ಮುಗಿಯಿತು. "ನೆಟ್ಟಗೆ ನಡೆಯಕ್ಕೆ ಬರದೇ ಇರೋನಿಗೆ ಹೆಣ್ಣು ಕೊಡ್ತೀರಾ?" ಎಂದು ನಮ್ಮತ್ತೆಯವರು ಮಾವನವರನ್ನು ಹಿಡಿದು ಜಾಡಿಸಿದರು. ನೆಟ್ಟಗೆ ನಡೆಯುವ ಹಿರಿಯಳಿಯನನ್ನು ಕಂಡಿದ್ದ ಮಾವ ಮಾತ್ರ, "ಅಡ್ಡ ನಡೆದ್ರೂ ಪರವಾಗಿಲ್ಲ, ಸಂಬಳ ತರ್ತಾನಲ್ಲ" ಎಂದರು. ಆ ಮಾತು ನನ್ನ ಎದುರಿಗೇ ಆಯಿತು.

ಏಡಿಯಣ್ಣನಿಗೆ ದೇವರು ಎಲ್ಲ ಶಬ್ದ ಕೊಟ್ಟು "ಇಲ್ಲ" ಎಂಬ ಒಂದನ್ನು ಕೊಡಲಿಲ್ಲ. ಪಬ್ಬು ನಡೆಸುತ್ತಿದ್ದ ಮುದುಕ ಕೈಸೋತು "ನೀನೇ ನೋಡ್ಕೋತೀಯೇನೋ?" ಎಂದಾಗ ಇಲ್ಲವೆನ್ನಲು ಬಾರದೆ ಪಬ್ಬಿನವನಾದ. ಬೀದಿಯಲ್ಲಿ ಯಾರೋ ಮನೆ ಬದಲಿಸಿದರು, ಗೋಡೆಗಾತ್ರದ ಒಡೆದ ಕನ್ನಡಿಯನ್ನು ತಂದು "ಬಿಸಾಕಕ್ಕೆ ಮನಸ್ಸು ಬರ್ತಿಲ್ಲ" ಎಂದರು. ಇವನು, "ಇರ್ಲಿ ಬಿಡಿ, ಗೋಡೆ ಇದೆಯಲ್ಲ." ಇನ್ಯಾರದೋ ಅಜ್ಜ ತೀರಿಕೊಂಡು ಅವನು ಹಿಡಿದು ಹುಲ್ಲು ತುಂಬಿಸಿಟ್ಟಿದ್ದ ದೊಡ್ಡ ಮೀನು ಉಳಿಯಿತು. "ಇರ್ಲಿ ಬಿಡಿ." ಹೀಗೆ ಇಡೀ ಬಡಾವಣೆಯ ಅಟ್ಟಗಳು ಖಾಲಿಯಾಗುತ್ತ ಬಂದವು, ಇವನ ಗೋಡೆ ತುಂಬುತ್ತ ಹೋಯಿತು. ಪಬ್ಬಿನ ಒಳಾಂಗಣವೆಂದು ಸಂಘದವರು ಕರೆಯುವುದು ಇದನ್ನೇ.

ಆದರೆ ಅವನ ಏಲ್ ಒಳ್ಳೆಯದಿತ್ತು. ಬಾಟಲಿಯ ಬಿಯರ್ ಕಾರ್ಖಾನೆಯಿಂದ ಹೊರಡುವಾಗಲೇ ಸತ್ತಿರುತ್ತದೆ. ಏಲ್ ಪೀಪಾಯಿಯೊಳಗೂ ಹುದುಗುತ್ತಲೇ ಇರುತ್ತದೆ. ನೆಲಮಾಳಿಗೆಯ ತಂಪಿನಲ್ಲಿ ಮಲಗಿಸಿ, ಹದ ಬಂದ ದಿನ ತೆರೆದು, ಹುಳಿಯುವ ಮೊದಲೇ ಮುಗಿಸಬೇಕು. ಏಡಿಯಣ್ಣ ಪೀಪಾಯಿಯ ಬಾಯಿಗೆ ಮೂಗಿಟ್ಟು ಕಣ್ಣು ಮುಚ್ಚುತ್ತಿದ್ದ. "ನಾಳೆ" ಎನ್ನುತ್ತಿದ್ದ, ಇಲ್ಲವೇ "ಇವತ್ತು". ಅಷ್ಟೇ. ನಾಲ್ಕೈದು ವರ್ಷದ ಹಿಂದೆ ನಾನು ಅಲ್ಲಿ ಕುಡಿದ ಏಲ್‌ನ ರುಚಿ ಈಗಲೂ ನಾಲಿಗೆಯ ಮೇಲಿದೆ. ಮತ್ತೆ ಹೋಗದಿದ್ದುದಕ್ಕೆ ಕಾರಣ ಆ ಮೀನು: ನಾನು ಕೂತಿದ್ದಾಗ ಅದರದೊಂದು ಪೊರೆ ಕಳಚಿ ತೇಲುತ್ತ ಬಂದು ನನ್ನ ಲೋಟದಲ್ಲಿ ಇಳಿದಿತ್ತು. ಕಳೆದ ವರ್ಷ ಅವನು ನೆಲಮಾಳಿಗೆಯ ಮೆಟ್ಟಿಲಲ್ಲಿ ಜಾರಿ, ತಲೆಯ ಹಿಂಭಾಗಕ್ಕೆ ಪೆಟ್ಟು ಮಾಡಿಕೊಂಡು ಆಸ್ಪತ್ರೆಯಲ್ಲಿದ್ದಾಗಲೂ ನಾನು ಹೋಗಲಿಲ್ಲ. ಹೆಂಡತಿಯ ಕೈಯಲ್ಲಿ ಕಿತ್ತಳೆ ಕಳಿಸಿದ್ದೆ.

ನನ್ನ ಜೊತೆಯ ತೀರ್ಪುಗಾರರು ಒಬ್ಬ ಹಲ್ಲಿನ ಡಾಕ್ಟರು. ಜೀವಮಾನವಿಡೀ ಪರರ ಬಾಯೊಳಗೆ ಮೂಗು ತೂರಿಸಿದವರು. ಯಾವುದಕ್ಕೂ ಮುಖದ ಒಂದು ಗೆರೆ ಅಲುಗದು. ಮಧ್ಯಾಹ್ನದ ಬಿಸಿಲಿನಲ್ಲಿ ನಾವಿಬ್ಬರೂ ಪಬ್ಬಿನ ಬಾಗಿಲು ತಳ್ಳಿದೆವು. ಬಾಗಿಲು ಅಂಗೈಗೆ ಅಂಟಿಕೊಂಡು ಬಂತು.

ಮೊದಲು ಎದುರಾದದ್ದು ವಾಸನೆ. ಒದ್ದೆ ನಾಯಿ, ಹಳೆಯ ಸಿಗರೇಟು, ಒಗೆಯದ ಕಾಲುಚೀಲ, ಇವೆಲ್ಲ ನನಗೆ ಗುರುತಿದ್ದವು. ಇವುಗಳ ಅಡಿಯಲ್ಲಿ ಇನ್ನೊಂದಿತ್ತು. ಹುಳಿಯಾಗಿ, ಸಿಹಿಯಾಗಿ, ಮುಚ್ಚಿಟ್ಟು ಮರೆತ ಡಬ್ಬಿಯ ಹಾಗೆ. ಅದು ಎಲ್ಲಿಂದ ಬರುತ್ತಿದೆ ಎಂದು ತಿಳಿಯಲಿಲ್ಲ. ಕಾಲ ಕೆಳಗಿನ ಕಾರ್ಪೆಟ್ ಒಂದು ಕಾಲದಲ್ಲಿ ಕೆಂಪಗಿದ್ದಿರಬೇಕು. ಈಗ ಪ್ರತಿ ಹೆಜ್ಜೆಗೂ ಚಪ್ಪಲಿಯನ್ನು ಹಿಡಿದಿಟ್ಟುಕೊಂಡು, ಯೋಚಿಸಿ, ಆಮೇಲೆ ಬಿಡುತ್ತಿತ್ತು. ಕುರ್ಚಿಗಳ ಮಖಮಲ್ಲಿನ ಒರಗು, ತಲೆಗಳು ಒರಗಿ ಒರಗಿ, ಎಣ್ಣೆ ಕುಡಿದು ಹೊಳೆಯುತ್ತಿತ್ತು. ಒಡೆದ ಕನ್ನಡಿಯಲ್ಲಿ ನನ್ನ ಮುಖ ತುಂಡು ತುಂಡಾಗಿ ಕಂಡಿತು, ಎಲ್ಲ ತುಂಡುಗಳೂ ಅಸಹ್ಯಪಡುತ್ತಿದ್ದವು. ಗೋಡೆಯ ಮೇಲೆ ಯಾರ್ಯಾರದೋ ಮದುವೆಯ ಫೋಟೋಗಳು. ಕೆಲವು ಮದುವೆಗಳು ಮುರಿದ ಮೇಲೆ ತಂದುಕೊಟ್ಟವಂತೆ, ಮಧ್ಯದಲ್ಲಿ ಕತ್ತರಿಸಿದ್ದವು. ಕೌಂಟರಿನ ಮೇಲೆ ಗಾಜಿನ ಜಾಡಿಯೊಂದರಲ್ಲಿ ನೀರು, ನೀರಿನಲ್ಲಿ ಹಲ್ಲುಸೆಟ್ಟು.

"ಇದು ಯಾರದ್ದು?" ಎಂದೆ.

"ಹಳೇ ಗಿರಾಕಿ. ಮರೆತು ಹೋದ್ರು" ಎಂದ ಏಡಿಯಣ್ಣ, ಅಡ್ಡಡ್ಡ ಸರಿಯುತ್ತ ಬಂದು. "ಬಂದಾಗ ಕೇಳ್ತಾರೆ ಅಂತ ಇಟ್ಟಿದ್ದೀನಿ. ಬನ್ನಿ ಭಾವ, ಬನ್ನಿ ಡಾಕ್ಟ್ರೇ. ನಿಮಗೋಸ್ಕರ ಎಲ್ಲ ಒರೆಸಿ ಇಟ್ಟಿದ್ದೀನಿ."

ಒರೆಸಿದ್ದು ನಿಜ. ಧೂಳು ಮೊದಲು ಒಂದೇ ಸಮನಾಗಿದ್ದಿರಬೇಕು, ಈಗ ಗೆರೆ ಗೆರೆಯಾಗಿತ್ತು. ತೊಳೆದ ಲೋಟಗಳ ಜಾಲರಿಯ ಮೇಲೆ ಬೂದು ಬೆಕ್ಕೊಂದು ನಿದ್ದೆ ಹೋಗಿತ್ತು. ಡಾಕ್ಟರು ಹಲ್ಲುಸೆಟ್ಟನ್ನು ಎತ್ತಿ ಬೆಳಕಿಗೆ ಹಿಡಿದು "ಒಳ್ಳೆ ಕೆಲಸ" ಎಂದು ಮೆಚ್ಚಿ ವಾಪಸು ಇಟ್ಟರು.

ಒಳಗೆ ಗಿರಾಕಿಗಳೆಂದರೆ ಇಬ್ಬರು. ನಿವೃತ್ತ ಅಂಚೆಯಣ್ಣ ಒಂದು ಮೂಲೆಯಲ್ಲಿ, ಬೀದಿ ಕೊನೆಯ ದರ್ಜಿ ಅಕ್ಕ ಇನ್ನೊಂದು ಮೂಲೆಯಲ್ಲಿ, ಒಂದು ಪ್ಲಾಸ್ಟಿಕ್ ಗಿಡದ ಪಕ್ಕ. ಇಬ್ಬರ ಮುಂದೆಯೂ ಏಲ್. ಇಬ್ಬರ ಮುಖದಲ್ಲೂ ಧ್ಯಾನಕ್ಕೆ ಕೂತವರ ಶಾಂತಿ.

ಏಡಿಯಣ್ಣ ಮೊದಲ ಏಲ್ ಸುರಿದು ನನ್ನ ಮುಂದಿಟ್ಟ. ಇಟ್ಟವನು ಹೋಗಲಿಲ್ಲ. ಎರಡೂ ಕೈ ಕೌಂಟರಿಗೆ ಊರಿ, ನನ್ನ ಮುಖವನ್ನೇ ನೋಡುತ್ತ ನಿಂತ. ಹೆಂಡತಿಯ ಮಾತು ನೆನಪಾಗಿ ತಟ್ಟನೆ ತಿರುಗಿ, ಗೋಡೆಯ ಫೋಟೋವೊಂದನ್ನು ನೋಡುವವನಂತೆ ನಟಿಸಿ, ಒಂದು ಗುಟುಕು ಕುಡಿದೆ.

ಹೂದಾನಿಯಲ್ಲಿ ಹೂವು ಬಾಡಿ ಎಷ್ಟೋ ದಿನವಾದ ಮೇಲೆ ತಳದಲ್ಲಿ ಉಳಿಯುವ ನೀರನ್ನು ನೀವು ಕುಡಿದಿರಲಾರಿರಿ. ನಾನೂ ಕುಡಿದಿಲ್ಲ. ಆದರೆ ಇನ್ನು ಕುಡಿಯುವ ಅಗತ್ಯವಿಲ್ಲ. ಫೋಟೋದಲ್ಲಿದ್ದ ಅಪರಿಚಿತ ಮದುಮಗಳು ನನ್ನ ಮುಖ ನೋಡಿ ಬೆಚ್ಚಿದಳೆಂದೇ ಅನಿಸಿತು. ನಾಲಿಗೆಯ ಮೇಲೆ ಬೆಕ್ಕಿನ ಕೂದಲೊಂದಿತ್ತು. ಇದ್ದುದರಲ್ಲಿ ಅದೇ ವಾಸಿ.

"ಹೇಗಿದೆ ಭಾವ?"

"ಮದುಮಗಳು ಯಾರು? ಲಕ್ಷಣವಾಗಿದ್ದಾಳೆ" ಎಂದೆ, ಗೋಡೆಗೇ.

ಎರಡನೆಯದು ಕಪ್ಪು ಏಲ್. ಈ ಸಲ ಲೋಟ ಹಿಡಿದು ಎದ್ದೇಬಿಟ್ಟೆ. "ಒಳಾಂಗಣ ಪೂರ್ತಿ ನೋಡ್ಬೇಕಲ್ಲ, ನಿಯಮ" ಎಂದು ಗೊಣಗುತ್ತ ದರ್ಜಿ ಅಕ್ಕನ ಮೂಲೆಯ ಕಡೆ ಹೋದೆ. ಬೆನ್ನು ತಿರುಗಿಸಿ ತುಟಿಗೆ ತಾಗಿಸಿದೆ. ತುಕ್ಕು ಹಿಡಿದ ಬೀಗವನ್ನು ಕಷಾಯ ಮಾಡಿದ ಹಾಗಿತ್ತು. ಅತ್ತಿತ್ತ ನೋಡಿದೆ. ಪ್ಲಾಸ್ಟಿಕ್ ಗಿಡದ ದೊಡ್ಡ ಕುಂಡ ಪಕ್ಕದಲ್ಲೇ ಇತ್ತು. ಎಲೆಗಳ ಮರೆಯಲ್ಲಿ ಲೋಟ ಬಗ್ಗಿಸಿದೆ.

ಸುರಿದದ್ದು ಒಳಗೆ ಹೋಗಲಿಲ್ಲ. ಕುಂಡದ ಅಂಚಿನಿಂದ ಉಕ್ಕಿ ಹೊರಗೆ ಬಂದು, ನನ್ನ ಚಪ್ಪಲಿಯ ಮೇಲೆ ಬೆಚ್ಚಗೆ ಹರಿಯಿತು. ಬಗ್ಗಿ ಎಲೆ ಸರಿಸಿ ನೋಡಿದೆ. ಕುಂಡ ಗಂಟಲಮಟ್ಟ ತುಂಬಿತ್ತು. ಮೇಲೆ ಬಿಳಿ ಕೆನೆ ಕಟ್ಟಿತ್ತು, ಕೆನೆಯ ಮೇಲೆ ಹಸಿರು ರೋಮ ಹುಟ್ಟಿತ್ತು, ರೋಮದ ನಡುವೆ ಸಣ್ಣ ನೊಣಗಳು ಸಂಸಾರ ಹೂಡಿದ್ದವು. ಬಾಗಿಲಲ್ಲಿ ಗುರುತು ಸಿಗದ ಆ ವಾಸನೆ ಇಲ್ಲಿ ಬಾಯಿ ತೆರೆದು ಕೂತಿತ್ತು.

"ಅದು ತುಂಬಿದೆ" ಎಂದರು ದರ್ಜಿ ಅಕ್ಕ, ತುಟಿ ಅಲುಗಿಸದೆ. "ಕಿಟಕಿ ಹತ್ರ ಇನ್ನೊಂದಿದೆ ನೋಡಿ. ಅದರಲ್ಲಿ ಸ್ವಲ್ಪ ಜಾಗ ಇರ್ಬೇಕು."

ನಾನು ಅವರ ಪಕ್ಕ ಕುಸಿದು ಕೂತೆ. "ಏನಮ್ಮ ಇದು? ನೀವೇನಾ?"

"ನಾನೊಬ್ಳೇ ಅಲ್ಲಪ್ಪ. ಬರೋರೆಲ್ಲ ಹಾಕ್ತಾರೆ. ಪ್ಲಾಸ್ಟಿಕ್ ಗಿಡ ಕುಡಿಯಲ್ಲ ಅನ್ನೋದು ಯಾರಿಗೂ ಹೊಳೀಲಿಲ್ಲ ನೋಡಿ."

ಎದುರು ಮೂಲೆಯಿಂದ ಅಂಚೆಯಣ್ಣ ಸರಿದು ಬಂದರು. ಬಾಯಲ್ಲಿ ಪೆಪ್ಪರ್‌ಮಿಂಟು ಅತ್ತಿತ್ತ ಹೊರಳುತ್ತಿತ್ತು. "ನಾನು ಚೆಲ್ಲಲ್ಲ. ಮೊದಲು ಇದನ್ನ ನಾಲಿಗೆ ಕೆಳಗೆ ಇಟ್ಕೊಂಡು, ಉಸಿರು ಹಿಡಿದು ಇಳಿಸ್ತೀನಿ. ಹೊಟ್ಟೆಗೆ ಅಭ್ಯಾಸ ಆಗೋಗಿದೆ."

"ಅವನಿಗೆ ಹೇಳಬಾರದಾ?"

"ಹೇಳೋದು ಹೇಗೆ ಸ್ವಾಮಿ? ಸುರಿದುಕೊಟ್ಟು ಮುಖ ನೋಡ್ತಾ ನಿಲ್ತಾನೆ, ಮಗು ಥರ. ನನ್ನ ಮನೆಯವಳು ಹೋದ ಮೇಲೆ ನಾನು ಊಟ ಮಾಡಿದ್ದೇ ಇವನ ಅಡುಗೆಮನೇಲಿ."

"ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ದಿನಾ ಬಂದು ಅವರ ಗಡ್ಡ ಕೆರೆದು ಹೋಗ್ತಿದ್ದೋನು ಇವನು" ಎಂದರು ದರ್ಜಿ ಅಕ್ಕ. "ಅಂಥೋನ ಮುಂದೆ ಮುಖ ಹುಳ್ಳಗೆ ಮಾಡಕ್ಕಾಗತ್ತಾ? ನಾನು ಗುಟುಕು ಬಾಯಿಗೆ ಬಂದ ತಕ್ಷಣ ನನ್ನ ಮೊದಲ ಹೊಲಿಗೆ ಮೆಷಿನ್ ನೆನೆಸ್ಕೋತೀನಿ. ಮುಖ ತಾನಾಗೇ ಅರಳತ್ತೆ. ಅವನು ಖುಷಿಯಾಗಿ ಹೋಗ್ತಾನೆ. ಆಮೇಲೆ ಗಿಡಕ್ಕೆ."

"ನಿಮ್ಮ ತೀರ್ಪೂ ಹಾಗೇ ಇರ್ಲಿ ಸ್ವಾಮಿ" ಎಂದರು ಅಂಚೆಯಣ್ಣ, ಒಂದು ಪೆಪ್ಪರ್‌ಮಿಂಟನ್ನು ನನ್ನ ಕೈಗೆ ಒತ್ತಿ. ಅದು ಅವರ ಜೇಬಿನ ಬಿಸಿಗೆ ಕರಗಿ ನೂಲು ಅಂಟಿಸಿಕೊಂಡಿತ್ತು.

ಅಷ್ಟರಲ್ಲಿ ಹೊಗೆ ಕಂಡಿತು. ಕೌಂಟರಿನ ಹಿಂದೆ, ಸಣ್ಣ ಒಲೆಯ ಮೇಲೆ ಏಡಿಯಣ್ಣ ನೀರು ಕಾಯಿಸಲು ಇಟ್ಟಿದ್ದ. ಅದರ ಪಕ್ಕ ಬಿದ್ದಿದ್ದ ಒರೆಸುವ ಬಟ್ಟೆಯ ತುದಿಗೆ ಬೆಂಕಿ ತಾಗಿತ್ತು. ಎಷ್ಟೋ ವರ್ಷ ಈ ಪಬ್ಬನ್ನು ಒರೆಸಿದ ಬಟ್ಟೆ ಸುಟ್ಟರೆ ಬರುವ ನಾತವನ್ನು ವರ್ಣಿಸುವುದಿಲ್ಲ, ನೀವು ಊಟ ಮಾಡಬೇಕಾಗಿದೆ. ಬೆಕ್ಕು ಎದ್ದು ಓಡಿತು. ಅಂಚೆಯಣ್ಣ ಕೆಮ್ಮಿದರು. ಹಲ್ಲಿನ ಡಾಕ್ಟರು ಕೂಡ ಕರವಸ್ತ್ರ ಹುಡುಕಿದರು. ಏಡಿಯಣ್ಣ ಮಾತ್ರ ಒಲೆಗೆ ಬೆನ್ನು ಹಾಕಿ, ಮೂರನೆಯ ಏಲ್ ಸುರಿಯುತ್ತ, "ಇದು ನೋಡಿ ಭಾವ, ಮನೆಯ ಸ್ಪೆಷಲ್ಲು" ಎನ್ನುತ್ತ ನಗುತ್ತಿದ್ದ. ಹೊಗೆ ಅವನ ಕಿವಿಯ ಪಕ್ಕದಿಂದಲೇ ತೇಲಿಬರುತ್ತಿತ್ತು.

"ರೀ! ಹಿಂದೆ! ಬಟ್ಟೆ!" ಎಂದು ಮೆಟ್ಟಿಲ ಮೇಲಿಂದ ನಾದಿನಿ ಕಿರುಚಿದಳು. ಅವನು ತಿರುಗಿ ನೋಡಿ, ಬೆಚ್ಚಿ, ಬಟ್ಟೆಯನ್ನು ತೊಟ್ಟಿಗೆ ಎಸೆದು ನೀರು ಬಿಟ್ಟ. ತಿರುಗಿದವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಸಿಕ್ಕ ಕೂಡಲೇ ಕೆಳಗೆ ಬಿತ್ತು.

ಪೀಪಾಯಿಗೆ ಮೂಗಿಟ್ಟು "ನಾಳೆ" ಎನ್ನುತ್ತಿದ್ದವನ ಮೂಗೇ ಸತ್ತುಹೋಗಿತ್ತು, ಸುಟ್ಟ ನಾತವೂ ತಿಳಿಯದಷ್ಟು.

ಅವನು ಲೋಟವನ್ನು ನನ್ನ ಮುಂದಿಟ್ಟ. ಈ ಸಲ ಗೋಡೆಯ ಕಡೆ ತಿರುಗಲು ಅವನು ಬಿಡಲಿಲ್ಲ, ಕೌಂಟರಿನ ಮೇಲೆ ಪೂರ್ತಿ ಬಾಗಿ ನನ್ನ ಮುಖಕ್ಕೆ ಮುಖ ತಂದಿದ್ದ. ಮೆಟ್ಟಿಲ ಮೇಲೆ ನಾದಿನಿ. ಹಿಂದೆ ಇಬ್ಬರು ಗಿರಾಕಿಗಳು. ನಾನು ನೂಲು ಅಂಟಿದ ಪೆಪ್ಪರ್‌ಮಿಂಟನ್ನು ನಾಲಿಗೆಯ ಕೆಳಗಿಟ್ಟೆ. ಹೊಲಿಗೆ ಮೆಷಿನ್ ನೆನೆಸಿಕೊಂಡೆ, ನನ್ನ ಬಳಿ ಇಲ್ಲದಿದ್ದರೂ. ಹೆಂಡತಿಯನ್ನು ನೆನೆಸಿಕೊಂಡೆ. ಕುಡಿದೆ.

ಹಳೆಯ ಬ್ಯಾಂಡೇಜು ನೆನೆಸಿದ ವಿನೆಗರ್ ಎಂದರೆ ಹತ್ತಿರ ಬಂದೀತು. ಮುಖ ತನ್ನ ಕೆಲಸ ಮಾಡಿತು. ಎಡಗಣ್ಣು ಮುಚ್ಚಿಕೊಂಡಿತು, ಮೂಗು ಹಣೆಯ ಕಡೆ ಹೊರಟಿತು, ಕೆಳದುಟಿ ಗದ್ದವನ್ನು ಬಿಟ್ಟು ಓಡಲು ನೋಡಿತು, ಕಿವಿಗಳು ಹಿಂದಕ್ಕೆ ಹೋದದ್ದು ನನಗೇ ತಿಳಿಯಿತು. ಪೆಪ್ಪರ್‌ಮಿಂಟು ಹಾರಿಹೋಗಿ ಹಲ್ಲುಸೆಟ್ಟಿನ ಜಾಡಿಯಲ್ಲಿ ಬಿತ್ತು.

"ಅಷ್ಟೊಂದಾ?" ಎಂದ ಏಡಿಯಣ್ಣ.

ಅಂಚೆಯಣ್ಣ ತಮ್ಮ ಲೋಟದ ತಳ ನೋಡತೊಡಗಿದರು.

"ಅಷ್ಟೊಂದಾ ಭಾವ?" ಅವನು ಗಿರಾಕಿಗಳ ಕಡೆ ತಿರುಗಿದ. "ಅಂಚೆಯಣ್ಣ? ನಿನ್ನೆ ನಕ್ಕೊಂಡು ಕುಡಿದ್ರಲ್ಲ. ಅಕ್ಕ, ನೀವು ಎರಡು ಲೋಟ..."

ದರ್ಜಿ ಅಕ್ಕ ತಲೆ ಎತ್ತಲಿಲ್ಲ. ಕಾಲಿನಿಂದ ಕುಂಡವನ್ನು ಮೆಲ್ಲಗೆ ಮುಂದಕ್ಕೆ ನೂಕಿದರು. ಅದು ತುಳುಕಿತು. ಏಡಿಯಣ್ಣ ಅಡ್ಡಡ್ಡ ಸರಿದು ಬಂದು, ಎಲೆ ಸರಿಸಿ ಬಗ್ಗಿ ನೋಡಿದ.

"ಬಿದ್ದಾಗ ಹೋಯ್ತು ಭಾವ" ಎಂದ, ಕುಂಡಕ್ಕೇ ಹೇಳುವವನಂತೆ. "ಮೂಗು. ಒಂಚೂರೂ ಉಳೀಲಿಲ್ಲ. ನಾಲಿಗೆನೂ ಅದರ ಜೊತೆ ಹೋಯ್ತು. ಪಬ್ಬಿನೋನಿಗೆ ಮೂಗಿಲ್ಲ ಅಂದ್ರೆ ಯಾರು ಬರ್ತಾರೆ? ಅದಕ್ಕೆ ಮುಖ ನೋಡಕ್ಕೆ ಶುರು ಮಾಡ್ದೆ. ಮೊದಲ ಗುಟುಕಿಗೆ ಇವರ ಮುಖ ಹೇಗಾಗತ್ತೆ ನೋಡಿ, ಪೀಪಾಯಿ ಇಡಬೇಕಾ ತೆಗೀಬೇಕಾ ಅಂತ. ಎಲ್ರೂ ಅರಳ್ತಿದ್ರು. ಸರಿ ಇದೆ ಅಂದ್ಕೊಂಡೆ."

"ಹೊಸಬರು ಬರ್ತಿರ್ಲಿಲ್ವಾ? ಅವರು ಮುಖ ಮಾಡಿರ್ಬೇಕಲ್ಲ?"

"ಮಾಡ್ತಿದ್ರು. ಗೋಡೆ ನೋಡಿ ಅಂದ್ಕೊಂಡೆ."

ಅದು ನ್ಯಾಯವಾದ ಮಾತು. ಆ ಮೀನಿನ ಎದುರು ಕೂತವನು ಅಮೃತ ಕುಡಿದರೂ ಹಾಗೇ ಕಾಣುತ್ತಾನೆ.

"ನಾನು ದಿನಾ ಹೇಳ್ತಿದ್ದೆ, ನಾತ ಬರ್ತಿದೆ ಅಂತ!" ಎಂದಳು ನಾದಿನಿ, ಅಳುವೂ ಸಿಟ್ಟೂ ಒಟ್ಟಿಗೆ ಬಂದು.

"ನೀನು ಮದುವೆಯಾಗಿ ಬಂದ ದಿನದಿಂದ ಹೇಳ್ತಿದ್ದೀಯ ಕಣೆ. ಯಾವ ದಿನದ್ದು ನಿಜ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಹಲ್ಲಿನ ಡಾಕ್ಟರು ಗಂಟಲು ಸರಿಪಡಿಸಿಕೊಂಡರು. ಅವರ ಮುಂದೆ ಮೂರೂ ಲೋಟಗಳು ಖಾಲಿ ಇದ್ದವು. "ನನಗೇನೋ ಚೆನ್ನಾಗೇ ಇತ್ತು" ಎಂದರು. "ಸ್ವಲ್ಪ ಘಾಟು, ಅಷ್ಟೆ. ನನ್ನ ಮತ ಪಾಸು. ಇಬ್ಬರಲ್ಲಿ ಒಬ್ಬರು ಪಾಸು ಅಂದ್ರೆ ಇನ್ನೊಬ್ಬರದ್ದೇ ಕೊನೇ ಮಾತು, ಅಲ್ವಾ?"

ಎಲ್ಲರೂ ನನ್ನ ಕಡೆ ನೋಡಿದರು. ನಾದಿನಿಯ ಕಣ್ಣನ್ನು ನಾನು ನೋಡಲಿಲ್ಲ. ಪಾಸು ಎಂದುಬಿಟ್ಟರೆ ಮುಗಿಯಿತು: ಮನೆ ಉಳಿಯುತ್ತದೆ, ಹೆಂಡತಿ ಮಾತಾಡುತ್ತಾಳೆ, ಕುಂಡಗಳು ತುಂಬುತ್ತ ಹೋಗುತ್ತವೆ. ಬಾಯಿ ತೆರೆದೆ. ಬಾಯಿ ಹೇಳಲು ಸಿದ್ಧವಾಗಿಯೇ ಇತ್ತು. ಆದರೆ ಅವನು ನನ್ನ ಬಾಯನ್ನು ನೋಡುತ್ತಿರಲಿಲ್ಲ.

"ಬೇಡ ಭಾವ" ಎಂದ ಏಡಿಯಣ್ಣ. "ನಿಮ್ಮ ಮುಖ ಹೇಳಾಯ್ತು. ಸ್ಕ್ರೂಡ್ರೈವರ್ ಕೊಡಿ."

ಅವನೇ ಸ್ಟೂಲು ಹತ್ತಿದ. ಸ್ಕ್ರೂಗಳು ಜಿಡ್ಡಿನಲ್ಲಿ ಹೂತುಹೋಗಿದ್ದವು, ಉಗುರಿನಿಂದ ಕೆರೆದು ಒಂದೊಂದಾಗಿ ಬಿಚ್ಚಿದ. ಫಲಕವನ್ನು ಅಂಗಿಗೆ ಒರೆಸಿ ನನ್ನ ಕೈಗಿಟ್ಟ. ಗೋಡೆಯ ಮೇಲೆ ಅದಿದ್ದ ಜಾಗದಲ್ಲಿ ಒಂದು ಚೌಕ ಉಳಿಯಿತು, ತಿಳಿ ಹಳದಿ ಬಣ್ಣದ್ದು. ಆ ಪಬ್ಬಿನಲ್ಲಿ ಗೋಡೆಗೆ ಬಣ್ಣವಿದೆ ಎಂದು ತಿಳಿದದ್ದೇ ಆಗ. ಇಡೀ ಕಟ್ಟಡದಲ್ಲಿ ಶುಭ್ರವಾಗಿದ್ದ ಜಾಗ ಅದೊಂದೇ.

ಮನೆಯಲ್ಲಿ ನನಗೆ ಏನಾಯಿತು ಎಂಬುದನ್ನು ಬಿಡಿ. ಹೆಂಡತಿ ತಂಗಿಯ ಮನೆಗೆ ಹೊರಟುಹೋದಳು, ಹೋಗುವ ಮುನ್ನ ನನ್ನ ಶೇವಿಂಗ್ ಕನ್ನಡಿಯನ್ನು ಮೇಜಿನ ಮೇಲಿಟ್ಟು, "ಇದರ ಜೊತೆ ಇರಿ" ಎಂದಳು. ಆದರೆ ಸಂಘದ ನಿಯಮದಲ್ಲೊಂದು ಸಂದು ಇತ್ತು. ಫಲಕ ಕಳೆದುಕೊಂಡವರು ಮರುಪರೀಕ್ಷೆ ಕೇಳಬಹುದು. ಯಜಮಾನಿಯ ಬಳಿಗೆ ಅಂಚೆಯಣ್ಣ, ದರ್ಜಿ ಅಕ್ಕ ಹೋಗಿ, ತಪ್ಪು ತಮ್ಮದು, ತಾವೇ ಮುಖವಾಡ ಹಾಕಿ ಇವನನ್ನು ಕೆಡಿಸಿದ್ದು ಎಂದು ಬೇಡಿಕೊಂಡರು. "ಮರುಪರೀಕ್ಷೆವರೆಗೆ, ಅಷ್ಟೇ" ಎಂದಳಂತೆ ಯಜಮಾನಿ.

ಏಡಿಯಣ್ಣ ಇದ್ದಬದ್ದ ಪೀಪಾಯಿಗಳನ್ನೆಲ್ಲ ಮೋರಿಗೆ ಬಿಟ್ಟ. ಕೊಳವೆಗಳನ್ನು ಕಳಚಿ ತೊಳೆದ. ಒಳಗಿನಿಂದ ಬಂದ ಲೋಳೆಯನ್ನು ನಾನು ಕಣ್ಣಾರೆ ನೋಡಿದೆ, ಆ ವಾರ ಉಪ್ಪಿಲ್ಲದ ಗಂಜಿಯನ್ನೇ ಕುಡಿದೆ. ಕುಂಡಗಳನ್ನು ಹೊರಗೆ ಒಯ್ದು ಸುರಿದಾಗ ಬೀದಿಯ ನಾಯಿಗಳೂ ದೂರ ನಿಂತವು. ಹೊಸ ಪೀಪಾಯಿಗಳು ಬಂದವು. ಅವುಗಳ ಹದ ನೋಡುವವರು ಯಾರು?

"ನೀವೇ ಭಾವ" ಎಂದ, ನಮ್ಮ ಮನೆಗೇ ಬಂದು, ಬಾಗಿಲಲ್ಲಿ ಅಡ್ಡ ನಿಂತು. "ಇಡೀ ಊರಲ್ಲಿ ಸುಳ್ಳು ಹೇಳಕ್ಕೆ ಬರದೇ ಇರೋ ಮುಖ ಅಂದ್ರೆ ನಿಮ್ಮದೊಂದೇ."

ನನ್ನ ಮುಖಕ್ಕೆ ಬಂದ ಮೊದಲ ಹೊಗಳಿಕೆ ಅದು. ಅವನ ಜೊತೆ ವಾಪಸು ಬಂದು ಹಿಂದೆ ನಿಂತಿದ್ದ ಹೆಂಡತಿ ನಕ್ಕಳು. ಹೋದೆ.

ಮೊದಲ ದಿನವೇ ತೊಡಕಾಯಿತು. ಹೊಸ ಏಲ್ ಗುಟುಕರಿಸಿದೆ. ಏಡಿಯಣ್ಣ ನನ್ನ ಮುಖ ನೋಡಿ ಕುಸಿದ. "ಮತ್ತೆ ಹೋಯ್ತಾ?"

"ಇಲ್ಲ ಕಣಯ್ಯ, ಏಲ್ ಬಹಳ ಚೆನ್ನಾಗಿದೆ."

"ಮತ್ತೆ ಮುಖ?"

"ಅದು ಮೀನಿಗೆ."

ಅವನು ಯೋಚಿಸಿದ. ನನ್ನ ಕುರ್ಚಿ ತಿರುಗಿಸಿದ. ಎದುರಿಗೆ ಕನ್ನಡಿ ಬಂತು, ಇನ್ನೂ ಕೆಟ್ಟಿತು. ಹಲ್ಲುಸೆಟ್ಟಿನ ಕಡೆ ತಿರುಗಿಸಿದ. ಕೊನೆಗೆ ಫಲಕ ಕಿತ್ತ ಚೌಕದ ಎದುರಿಗೆ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಕೂರಿಸಿದ. ಎಡಬಲ ಏನೂ ಕಾಣದಂತೆ ಅಂಗೈ ಅಡ್ಡ ಹಿಡಿದು, "ಈಗ ಕುಡೀರಿ" ಎಂದ. ತಿಳಿ ಹಳದಿ ಚೌಕ ನೋಡುತ್ತ ಕುಡಿದೆ. ಮುಖ ಬಿಚ್ಚಿಕೊಂಡಿತು, ಒಂದೊಂದೇ ಗೆರೆಯಾಗಿ. ಅವನು ಪಕ್ಕದಿಂದ ಬಾಗಿ ನೋಡುತ್ತಿದ್ದ.

"ಇವತ್ತು" ಎಂದ, ಕಣ್ಣು ಮುಚ್ಚಿ.

ಮರುಪರೀಕ್ಷೆಗೆ ಬೇರೆ ಇಬ್ಬರು ತೀರ್ಪುಗಾರರು ಬಂದರು. ಒಳಾಂಗಣಕ್ಕೆ ಸೊನ್ನೆ ಕೊಟ್ಟರು, ಅದೂ ಹೆಚ್ಚಾಯಿತೆಂದು ನನ್ನ ಅಭಿಪ್ರಾಯ. ಏಲ್‌ಗೆ ಕೊಟ್ಟ ಅಂಕ ಆ ಸೊನ್ನೆಯನ್ನು ಎಳೆದುಕೊಂಡು ದಡ ಸೇರಿತು. ಕನ್ನಡಕದ ಅಂಗಡಿಯವನು ಬೇರೆ ಗೋಡೆ ಅಳೆಯಲು ಹೋದ. ಫಲಕವನ್ನು ನಾನೇ ವಾಪಸು ಒಯ್ದೆ. ಏಡಿಯಣ್ಣ ಅದನ್ನು ಹಳೆಯ ಜಾಗಕ್ಕೆ ಹಾಕಲಿಲ್ಲ, ಬೀದಿಬಾಗಿಲಿನ ಹೊರಗೆ ಹಾಕಿದ.

ಈಗ ಪೀಪಾಯಿ ತೆರೆಯುವ ದಿನಗಳಲ್ಲೆಲ್ಲ ನನಗೆ ಕರೆ ಬರುತ್ತದೆ. ಚಪ್ಪಲಿ ಕಾರ್ಪೆಟ್ಟಿಗೆ ಅಂಟುತ್ತದೆ, ಬೆಕ್ಕು ಲೋಟಗಳ ಮೇಲೆಯೇ ಮಲಗಿರುತ್ತದೆ, ಹಲ್ಲುಸೆಟ್ಟಿನ ನೀರಿನಲ್ಲಿ ನನ್ನ ಪೆಪ್ಪರ್‌ಮಿಂಟಿನ ಬಣ್ಣ ಇನ್ನೂ ಇದೆ. ನನಗೆ ಅಲ್ಲಿ ಯಾವುದೂ ಅಭ್ಯಾಸವಾಗಿಲ್ಲ, ಆಗುವುದೂ ಬೇಡ. ಅಭ್ಯಾಸವಾದ ದಿನ ನನ್ನಿಂದ ಅವನಿಗೆ ಉಪಯೋಗವಿಲ್ಲ.

ಕಳೆದ ವಾರ ನಾನು ಚೌಕದ ಎದುರು ಕೂತಿದ್ದಾಗ ಬೀದಿಯ ಕಡೆಯಿಂದ ಒಬ್ಬಾಕೆ ಬಂದಳು. ಕಂಕುಳಲ್ಲಿ ಹುಲ್ಲು ತುಂಬಿದ ಗೂಬೆ. ಒಂದು ಕಣ್ಣಿನ ಜಾಗದಲ್ಲಿ ಅಂಗಿಯ ಗುಂಡಿ, ಹೊಟ್ಟೆಯ ಹೊಲಿಗೆ ಬಿಚ್ಚಿ ಹುಲ್ಲು ಹೊರಗೆ.

"ನಮ್ಮ ಮಾವನವರದ್ದು" ಎಂದಳು. "ಬಿಸಾಕಕ್ಕೆ ಮನಸ್ಸು ಬರ್ತಿಲ್ಲ." ಗೋಡೆಯ ಮೇಲೆಲ್ಲ ಕಣ್ಣಾಡಿಸಿದಳು. ಇಂಚು ಜಾಗವಿರಲಿಲ್ಲ, ಒಂದು ಕಡೆ ಬಿಟ್ಟು. "ಅಲ್ಲಿ ಖಾಲಿ ಇದೆಯಲ್ಲ, ಅಲ್ಲಿ ತೂಗುಹಾಕ್ಲಾ?"

ಏಡಿಯಣ್ಣ ಬಾಯಿ ತೆರೆದ. "ಇರ್ಲಿ ಬಿಡಿ" ಎಂಬುದು ಅವನ ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಅವನು ಗೂಬೆಯನ್ನು ನೋಡಿದ, ಚೌಕವನ್ನು ನೋಡಿದ, ನನ್ನ ಮುಖವನ್ನು ನೋಡಿದ.

"ಇಲ್ಲಮ್ಮ" ಎಂದ. ಹೇಳಿದ ಮೇಲೆ ತಾನೇ ಬೆಚ್ಚಿಬಿದ್ದವನಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. "ಅದು ನಮ್ಮ ಭಾವ ನೋಡೋ ಜಾಗ."